ತರಕಾರಿ ಸೇರದವರಿಗೆ ತರಕಾರಿ ರುಚಿಯಾಗಿ ಮಾಡುವುದು ಹೇಗೆ?

ತರಕಾರಿ ತಿನ್ನದವರಿಗೆ ಬುದ್ಧಿ ಹೇಳೋಕೆ ಬೇಕಾದಷ್ಟು ಜನ ಇದ್ದಾರೆ. ಆರೋಗ್ಯಕ್ಕೆ ಒಳ್ಳೇದು, ನಾರಿನಂಶ ಇದೆ, ವಿಟಮಿನ್ ಇದೆ ಅಂತ. ಅದೆಲ್ಲ ಅವರಿಗೂ ಗೊತ್ತು. ಗೊತ್ತಿದ್ದೂ ಬಾಯಿಗಿಟ್ಟ ಕೂಡಲೇ ಮುಖ ಹುಳ್ಳಗಾಗುತ್ತದಲ್ಲ, ಅಲ್ಲಿ ಬುದ್ಧಿಮಾತು ಏನು ಮಾಡೀತು? ನಾನೂ ಬಹಳ ವರ್ಷ ತಟ್ಟೆಯ ಅಂಚಿಗೆ ತರಕಾರಿ ಸರಿಸಿ, ಮೇಲೆ ಒಂದಿಷ್ಟು ಅನ್ನ ಮುಚ್ಚಿ, ಊಟ ಆಯ್ತು ಅಂತ ಎದ್ದು ಹೋಗುತ್ತಿದ್ದ ಗಿರಾಕಿಯೇ. ಆಮೇಲೆ ನಾನೇ ಅಡುಗೆ ಮಾಡಿಕೊಳ್ಳಬೇಕಾದಾಗ ಗೊತ್ತಾಯಿತು, ನನಗೆ ಸೇರದೇ ಇದ್ದದ್ದು ಹೂಕೋಸಲ್ಲ, ನೀರಲ್ಲಿ ಬೆಂದು ಬೆಂದು ಸೋತುಹೋದ ಹೂಕೋಸು ಅಂತ.

ಈ ಲೇಖನ ಅಡುಗೆ ಮಾಡುವವರಿಗೆ. ತರಕಾರಿ ಸೇರದವರು ನೀವೇ ಆಗಿರಬಹುದು, ನಿಮ್ಮ ಮನೆಯವರು, ಮಕ್ಕಳು ಯಾರಾದರೂ ಆಗಿರಬಹುದು. ವಿಧಾನ ಹೆಚ್ಚು ಕಡಿಮೆ ಒಂದೇ.

ಮೊದಲು ಒಂದು ಪ್ರಶ್ನೆ ಕೇಳಿ

"ನಂಗೆ ತರಕಾರಿ ಇಷ್ಟ ಇಲ್ಲ" ಅನ್ನುವುದು ಒಂದು ದೂರಲ್ಲ, ನಾಲ್ಕೈದು ದೂರುಗಳ ಗಂಟು. ಅದನ್ನು ಬಿಚ್ಚದೆ ಒಲೆ ಹಚ್ಚಬೇಡಿ. ಏನು ಆಗಲ್ಲ? ಕಹಿಯಾ? ವಾಸನೆಯಾ? ಲೋಳೆಯಾ, ಮೆತ್ತಗಿರುವುದಾ? ಅಥವಾ ಬರೀ ಸಪ್ಪೆ ಅಂತಲಾ? ಬೆಂಡೆಕಾಯಿಯ ಲೋಳೆ ಆಗದವರಿಗೆ ಎಷ್ಟು ಮಸಾಲೆ ಹಾಕಿಕೊಟ್ಟರೂ ಅದು ಮಸಾಲೆ ಹಾಕಿದ ಲೋಳೆಯೇ. ಕಹಿ ಆಗದವರಿಗೆ ಗರಿಗರಿ ಮಾಡಿಕೊಟ್ಟರೆ ಗರಿಗರಿಯಾದ ಕಹಿ, ಅಷ್ಟೇ.

ಮಕ್ಕಳಿಗೆ ಇದನ್ನು ಮಾತಲ್ಲಿ ಹೇಳೋಕೆ ಬರಲ್ಲ. ನೋಡಿ ತಿಳಿಯಬೇಕು. ಹಸಿ ಕ್ಯಾರೆಟ್ ಕಡಿದು ತಿನ್ನುವ ಮಗು ಬೆಂದ ಕ್ಯಾರೆಟ್ ಉಗುಳಿದರೆ ತಕರಾರು ರುಚಿಯದ್ದಲ್ಲ, ಮೆತ್ತಗಿರುವುದರದ್ದು. ಅಂಥ ಮಗುವಿಗೆ ಹಸಿಯಾಗೇ ಕೊಡಿ, ಅಡುಗೆ ಮಾಡಲೇಬೇಕು ಅಂತೇನಿಲ್ಲ. ತೀರಾ ಚಿಕ್ಕವರಾದರೆ ಗಂಟಲಲ್ಲಿ ಸಿಕ್ಕದ ಹಾಗೆ ತುರಿದೋ ತೆಳ್ಳಗೆ ಹೆಚ್ಚಿಯೋ ಕೊಡಿ.

ಕಹಿಯ ಬಗ್ಗೆ ಒಂದು ಮಾತು. ಎಲ್ಲರ ನಾಲಿಗೆ ಒಂದೇ ಥರ ಇರಲ್ಲ. 1931ರಲ್ಲಿ ಆರ್ಥರ್ ಫಾಕ್ಸ್ ಎಂಬ ಅಮೆರಿಕದ ರಸಾಯನ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಪಿಟಿಸಿ ಅನ್ನುವ ಪುಡಿ ಗಾಳಿಗೆ ಹಾರಿತು. ಜೊತೆಯಲ್ಲಿದ್ದವರು ಬಾಯೆಲ್ಲ ಕಹಿ ಅಂದರು, ಫಾಕ್ಸ್‌ಗೆ ಏನೂ ಅನಿಸಲೇ ಇಲ್ಲ. ಹಾಗೆ ಶುರುವಾದ ಹುಡುಕಾಟ 2003ರಲ್ಲಿ ಟಿಎಎಸ್2ಆರ್38 ಅನ್ನುವ ಜೀನ್‌ವರೆಗೆ ಬಂತು. ಎಲೆಕೋಸು, ಬ್ರೊಕೊಲಿ, ನವಿಲುಕೋಸು ಇವುಗಳಲ್ಲಿರುವ ಕಹಿಯನ್ನು ಗುರುತಿಸುವುದರಲ್ಲೂ ಇದರ ಪಾತ್ರವಿದೆ. ಅಂದರೆ ಒಂದೇ ಬ್ರೊಕೊಲಿ ನಿಮಗೆ ಸಿಹಿ ಸಿಹಿ, ಪಕ್ಕದಲ್ಲಿ ಕೂತವರಿಗೆ ನಿಜಕ್ಕೂ ಕಹಿ. ನಾಟಕ ಮಾಡ್ತಿದ್ದಾರೆ ಅಂದುಕೊಳ್ಳಬೇಡಿ. ಮಕ್ಕಳಿಗಂತೂ ಕಹಿ ದೊಡ್ಡವರಿಗಿಂತ ಜಾಸ್ತಿ ಚುರುಕಾಗಿ ತಾಗುತ್ತದೆ.

ನೀರು ಕಡಿಮೆ, ಉರಿ ಜಾಸ್ತಿ

ನನ್ನನ್ನು ಕೇಳಿದರೆ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನೀರು ಎಷ್ಟೇ ಕುದಿದರೂ ಸುಮಾರು 100 ಡಿಗ್ರಿ ಸೆಲ್ಸಿಯಸ್ ದಾಟಲ್ಲ. ತರಕಾರಿ ಹೊಂಬಣ್ಣಕ್ಕೆ ತಿರುಗಿ ಆ ಹುರಿದ ಘಮ ಬರಬೇಕಾದರೆ ಅದರ ಮೈ ಸುಮಾರು 140 ಡಿಗ್ರಿ ಮುಟ್ಟಬೇಕು. ಆಗ ಸಕ್ಕರೆಯೂ ಪ್ರೋಟೀನಿನ ಅಂಶಗಳೂ ಸೇರಿ ಹೊಸ ರುಚಿಗಳು ಹುಟ್ಟುತ್ತವೆ. ಇದಕ್ಕೆ ಮೇಯಾರ್ ಕ್ರಿಯೆ ಅಂತ ಹೆಸರು. ಬ್ರೆಡ್ಡಿನ ಕಂದು ಅಂಚು, ಹುರಿದ ಕಾಫಿ ಬೀಜ, ಎಲ್ಲದರ ಘಮದ ಹಿಂದೆಯೂ ಇದೇ ಇರುವುದು. ತರಕಾರಿಯ ಮೈಮೇಲೆ ನೀರಿನ ಪಸೆ ಇರುವ ತನಕ ಶಾಖವೆಲ್ಲ ಆ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಬಣ್ಣ ಬರಲ್ಲ, ಘಮ ಬರಲ್ಲ, ಬೇಯುವುದು ಮಾತ್ರ ಬೇಯುತ್ತಲೇ ಇರುತ್ತದೆ.

ಆದ್ದರಿಂದ ಹೀಗೆ ಮಾಡಿ. ತರಕಾರಿ ತೊಳೆದು, ಒಂದು ಒಣ ಬಟ್ಟೆಯ ಮೇಲೆ ಹರಡಿ, ನೀರು ಪೂರ್ತಿ ಒರೆಸಿ. ಈ ಕೆಲಸ ಬೋರು ಹೊಡೆಸುತ್ತದೆ, ಆದರೂ ಬಿಡಬೇಡಿ. ತುಂಡುಗಳು ಹೆಚ್ಚು ಕಡಿಮೆ ಒಂದೇ ಗಾತ್ರ ಇರಲಿ, ಇಲ್ಲದಿದ್ದರೆ ಚಿಕ್ಕದು ಕರಕಲಾಗಿ ದೊಡ್ಡದು ಹಸಿ ಉಳಿಯುತ್ತದೆ. ಹೂಕೋಸಿನಂಥದ್ದಕ್ಕೆ ಒಂದು ಪಕ್ಕ ಚಪ್ಪಟೆಯಾಗಿ ಬರುವಂತೆ ಸೀಳಿದರೆ ಒಳ್ಳೇದು, ಬಾಣಲೆಗೆ ತಾಗುವ ಜಾಗವೇ ತಾನೇ ಕಂದಾಗುವುದು.

ಓವನ್ ಇದ್ದರೆ 210ರಿಂದ 220 ಡಿಗ್ರಿಗೆ ಮೊದಲೇ ಬಿಸಿ ಮಾಡಿಡಿ. ಅರ್ಧ ಕಿಲೋ ತರಕಾರಿಗೆ ಸುಮಾರು 2 ದೊಡ್ಡ ಚಮಚ ಎಣ್ಣೆ, ಅರ್ಧದಿಂದ ಮುಕ್ಕಾಲು ಸಣ್ಣ ಚಮಚ ಉಪ್ಪು ಹಾಕಿ ಕೈಯಲ್ಲೇ ಕಲಸಿ ಟ್ರೇಯಲ್ಲಿ ಹರಡಿ. ತುಂಡುಗಳ ನಡುವೆ ಜಾಗ ಬಿಡಿ. ಒತ್ತೊತ್ತಾಗಿ ತುಂಬಿದರೆ ಒಂದರ ಆವಿಯಲ್ಲಿ ಇನ್ನೊಂದು ಬೇಯುತ್ತದೆ, ಮತ್ತೆ ಅದೇ ಕಥೆ. ಹೂಕೋಸು, ಬ್ರೊಕೊಲಿ 20ರಿಂದ 25 ನಿಮಿಷ, ಕ್ಯಾರೆಟ್, ಕುಂಬಳಕಾಯಿ 30 ನಿಮಿಷದ ಆಸುಪಾಸು. ಅರ್ಧದಲ್ಲಿ ಒಮ್ಮೆ ತಿರುವಿಹಾಕಿ. ಸಮಯಕ್ಕಿಂತ ಬಣ್ಣ ನೋಡಿ. ಅಂಚು ಕಂದಾಗಿ ಅಲ್ಲಲ್ಲಿ ಸ್ವಲ್ಪ ಕಪ್ಪಾದರೂ ಪರವಾಗಿಲ್ಲ, ಪೂರ್ತಿ ಕರಕಲಾದರೆ ಮಾತ್ರ ಅದೇ ಇನ್ನೊಂದು ಕಹಿ.

ಓವನ್ ಇಲ್ವಾ? ದಪ್ಪ ತಳದ ಬಾಣಲೆ ಸಾಕು. ಚೆನ್ನಾಗಿ ಕಾಯಿಸಿ, ಎಣ್ಣೆ ಹಾಕಿ, ತರಕಾರಿಯನ್ನು ಒಂದೇ ಪದರ ಹರಡಿ, ಆಮೇಲೆ ಕೈ ಕಟ್ಟಿ ಕೂತುಬಿಡಿ. ಸೌಟು ಆಡಿಸಬೇಡಿ. 3–4 ನಿಮಿಷ ಮುಟ್ಟದೆ ಬಿಟ್ಟರೆ ತಳ ಹೊಂಬಣ್ಣಕ್ಕೆ ಬರುತ್ತದೆ, ಆಗ ತಿರುವಿ. ಸುಮ್ನೆ ಕೈಯಾಡಿಸುತ್ತಲೇ ಇರುವ ಚಟ ಬಹಳ ಜನಕ್ಕಿದೆ, ನನಗೂ ಇತ್ತು, ಬಿಡೋಕೆ ಸ್ವಲ್ಪ ದಿನ ಹಿಡೀತು. ಗಟ್ಟಿ ತರಕಾರಿ ಒಳಗೆ ಬೇಯದಿದ್ದರೆ, ಬಣ್ಣ ಬಂದ ಮೇಲೆ 2 ಚಮಚ ನೀರು ಚಿಮುಕಿಸಿ 2 ನಿಮಿಷ ಮುಚ್ಚಿ, ಮತ್ತೆ ಮುಚ್ಚಳ ತೆಗೆದು ನೀರು ಆರಿಸಿ.

ಒಮ್ಮೆ ಒಬ್ಬ ಗೆಳೆಯ ಊಟಕ್ಕೆ ಬಂದಿದ್ದ. "ಕೋಸು ಗೀಸು ಹಾಕ್ಬೇಡ ಕಣೋ, ಆ ವಾಸ್ನೆಗೇ ನಂಗಾಗಲ್ಲ" ಅಂತ ಬಾಗಿಲಲ್ಲೇ ಹೇಳಿದ. ಒಲೆ ಮೇಲೆ ಆಗಲೇ ಹೂಕೋಸು ಕೂತಿತ್ತು, ಏನು ಮಾಡೋದು? ಕಂದು ಬಣ್ಣ ಬರುವ ತನಕ ಹುರಿದು, ಮೇಲೆ ನಿಂಬೆ ಹಿಂಡಿ ಇಟ್ಟೆ. "ಇದೇನೋ ಇದು" ಅಂತ ಕೇಳಿಕೊಂಡೇ ಬಾಣಲೆ ಖಾಲಿ ಮಾಡಿದ. ಆಮೇಲೆ ಹೇಳಿದೆ. ಇವತ್ತಿಗೂ ಅವನಿಗೆ ಬೇಯಿಸಿದ ಕೋಸು ಆಗಲ್ಲ, ಹುರಿದದ್ದು ಆಗುತ್ತೆ.

ನೀರಲ್ಲಿ ಬೇಯಿಸಲೇಬೇಕಾದರೆ

ಬೀನ್ಸ್, ಬಟಾಣಿ, ಸೊಪ್ಪು ಇವಕ್ಕೆ ನೀರು ಒಳ್ಳೆಯದೇ, ಆದರೆ ಹೊತ್ತು ಕಡಿಮೆ ಇರಬೇಕು. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಒಂದು ಲೀಟರಿಗೆ 2 ಸಣ್ಣ ಚಮಚ ಉಪ್ಪು ಹಾಕಿ. ಚೆನ್ನಾಗಿ ಕುದಿಯುವಾಗಲೇ ತರಕಾರಿ ಹಾಕಬೇಕು. ಎಳೆ ಬೀನ್ಸಿಗೆ 4–5 ನಿಮಿಷ, ಬ್ರೊಕೊಲಿಗೆ 2–3 ನಿಮಿಷ, ಪಾಲಕ್ಕಿಗೆ ಅರ್ಧ ನಿಮಿಷ ಸಾಕು. ತೆಗೆದು ತಣ್ಣೀರಿಗೆ ಹಾಕಿ, ಕೂಡಲೇ ಬಸಿಯಿರಿ. ಕಹಿಯ ಒಂದಷ್ಟು ಭಾಗ ನೀರಿಗೆ ಹೋಗುತ್ತದೆ, ಹಸಿರು ಬಣ್ಣ ಉಳಿಯುತ್ತದೆ. ಜೊತೆಗೆ ಒಂದಿಷ್ಟು ವಿಟಮಿನ್ ಸಿ ಕೂಡ ನೀರಿಗೆ ಹೋಗುತ್ತದೆ, ನಿಜ. ಆದರೆ ತಿನ್ನದೆ ಕಸಕ್ಕೆ ಹೋದ ಬ್ರೊಕೊಲಿಯಲ್ಲಿ ಎಷ್ಟು ವಿಟಮಿನ್ ಇದ್ದರೇನು.

ಎಲೆಕೋಸಿನ ಆ ಕೊಳೆತ ಮೊಟ್ಟೆಯಂಥ ವಾಸನೆ ಇದೆಯಲ್ಲ, ಅದು ಹೆಚ್ಚು ಹೊತ್ತು ಬೇಯಿಸಿದ್ದಕ್ಕೆ ಬರುವುದು. ಅದರಲ್ಲಿರುವ ಗಂಧಕದ ಅಂಶಗಳು ಶಾಖಕ್ಕೆ ಒಡೆದು ಹೈಡ್ರೋಜನ್ ಸಲ್ಫೈಡ್ ಅನಿಲ ಹೊರಡುತ್ತದೆ, ಬೆಂದಷ್ಟೂ ಹೊರಡುತ್ತಲೇ ಇರುತ್ತದೆ. ತೆಳ್ಳಗೆ ಹೆಚ್ಚಿ, ಜೋರು ಉರಿಯಲ್ಲಿ 4–5 ನಿಮಿಷ ಬಾಡಿಸಿ, ಇನ್ನೂ ಸ್ವಲ್ಪ ಕರುಂ ಅನ್ನುವಾಗಲೇ ಇಳಿಸಿ. ವಾಸನೆ ಹೋಗಿಸಲು ಇನ್ನೂ ಬೇಯಿಸೋಣ ಅಂತ ಹೊರಟರೆ ಮನೆಯೆಲ್ಲ ಅದೇ.

ಹಸಿರು ಉಳಿಯಲಿ ಅಂತ ಅಡುಗೆ ಸೋಡ ಹಾಕುವವರಿದ್ದಾರೆ. ಬಣ್ಣ ಉಳಿಯುತ್ತದೆ, ತರಕಾರಿ ಮಾತ್ರ ಲೊಳಲೊಳ ಆಗುತ್ತದೆ. ಬೇಡ.

ಉಪ್ಪು, ಎಣ್ಣೆ, ಹುಳಿ

ಉಪ್ಪು ಬರೀ ಉಪ್ಪಿನ ರುಚಿ ಕೊಡುವುದಕ್ಕಲ್ಲ. ಅದರಲ್ಲಿರುವ ಸೋಡಿಯಂ ನಾಲಿಗೆಯ ಮೇಲೆ ಕಹಿಯನ್ನು ತಗ್ಗಿಸುತ್ತದೆ, ಕಹಿ ತಗ್ಗಿದಾಗ ಅಡಗಿದ್ದ ಸಿಹಿ ಮೇಲೆ ಬರುತ್ತದೆ. ನಂಬಿಕೆ ಇಲ್ಲದಿದ್ದರೆ ಕಹಿಯಾದ ಟೋನಿಕ್ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ ಕುಡಿದು ನೋಡಿ. ಹಾಗಂತ ಸುರಿಯಬೇಡಿ, ರಕ್ತದೊತ್ತಡ ಇರುವವರಿಗೆ ಮಾಡುವಾಗ ಉಪ್ಪು ತಗ್ಗಿಸಿ ಹುಳಿಯ ಮೇಲೆ ಭಾರ ಹಾಕಿ. ಉಪ್ಪು ಯಾವಾಗ ಹಾಕುತ್ತೀರಿ ಅನ್ನುವುದೂ ಮುಖ್ಯ. ಮೊದಲೇ ಹಾಕಿದರೆ ಒಳಗೆ ಇಳಿಯುತ್ತದೆ, ಕೊನೆಗೆ ಹಾಕಿದರೆ ಮೇಲೆ ಮಾತ್ರ ಉಪ್ಪು, ಒಳಗೆ ಸಪ್ಪೆ. ಅಣಬೆ ಮಾತ್ರ ನಾನು ಮೊದಲು ಒಣ ಬಾಣಲೆಯಲ್ಲಿ ನೀರು ಬಿಟ್ಟು ಆರುವ ತನಕ ಹುರಿದು, ಆಮೇಲೆ ಎಣ್ಣೆ, ಉಪ್ಪು ಹಾಕುತ್ತೇನೆ.

ಎಣ್ಣೆ, ಬೆಣ್ಣೆ, ಕೆನೆ, ಕಡಲೆಕಾಯಿ ಪುಡಿ, ಎಳ್ಳು, ಚೀಸ್, ಯಾವುದಾದರೂ ಸರಿ. ಘಮದ ಎಷ್ಟೋ ಅಂಶಗಳು ಕರಗುವುದು ಜಿಡ್ಡಿನಲ್ಲೇ. ಜಿಡ್ಡು ಕಹಿಯ ಮೊನಚನ್ನೂ ತಗ್ಗಿಸುತ್ತದೆ. ಎಣ್ಣೆಯೇ ಇಲ್ಲದ ತರಕಾರಿಯನ್ನು ತರಕಾರಿ ಸೇರದವರ ಮುಂದೆ ಇಡುವುದು ನನ್ನ ಲೆಕ್ಕದಲ್ಲಿ ಕ್ರೂರ. ಮೊದಲು ಇಷ್ಟ ಆಗಲಿ, ಎಣ್ಣೆ ಆಮೇಲೆ ನಿಧಾನಕ್ಕೆ ಕಡಿಮೆ ಮಾಡಿದರಾಯ್ತು.

ಹುಳಿ ಹೆಚ್ಚಿನವರು ಮರೆಯುವ ವಸ್ತು. ಉಪ್ಪು ಸರಿ ಇದೆ, ಖಾರ ಇದೆ, ಆದರೂ ಏನೋ ಕಮ್ಮಿ ಅನಿಸಿದರೆ ಹತ್ತರಲ್ಲಿ ಎಂಟು ಸಲ ಅಲ್ಲಿ ಬೇಕಾಗಿರುವುದು ನಾಲ್ಕು ಹನಿ ನಿಂಬೆರಸ. ಹಸಿರು ತರಕಾರಿಗಾದರೆ ಒಲೆ ಆರಿಸಿದ ಮೇಲೆ ಹಿಂಡಿ. ಮೊದಲೇ ಹಾಕಿದರೆ ಹಸಿರು ಬಣ್ಣ ಮಾಸಲು ಕಂದಾಗುತ್ತದೆ, ತರಕಾರಿ ಬೇಗ ಮೆತ್ತಗೂ ಆಗಲ್ಲ.

ಇನ್ನೊಂದು ರುಚಿ ಇದೆ. 1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಕಡಲಪಾಚಿಯ ಸಾರಿನಲ್ಲಿ ಕಂಡುಹಿಡಿದು ಉಮಾಮಿ ಅಂತ ಹೆಸರಿಟ್ಟರು. ಬಾಯಿ ತುಂಬುವ, ಇನ್ನೊಂದು ತುತ್ತು ಬೇಕು ಅನಿಸುವ ರುಚಿ ಅದು. ಚೆನ್ನಾಗಿ ಹಣ್ಣಾದ ಟೊಮೇಟೊ, ಅಣಬೆ, ಹಳೆಯ ಚೀಸ್, ಸೋಯಾ ಸಾಸ್ ಇದರಲ್ಲೆಲ್ಲ ಅದು ಇದೆ. ಸಪ್ಪೆ ಅನ್ನುವವರ ತರಕಾರಿಗೆ ಇದರಲ್ಲಿ ಒಂದನ್ನು ಸೇರಿಸಿ, ಸಾಸ್ ಹಾಕಿದರೆ ಉಪ್ಪು ಅಷ್ಟು ಕಡಿಮೆ ಮಾಡಿ.

ಕೊನೆಯದು ಸಿಹಿ. ಒಂದು ಚಿಟಿಕೆ ಸಕ್ಕರೆಯೋ ಬೆಲ್ಲವೋ ತಪ್ಪಲ್ಲ. ಆದರೆ ಅದಕ್ಕಿಂತ ಒಳ್ಳೆಯ ದಾರಿ ಈರುಳ್ಳಿ. ತೆಳ್ಳಗೆ ಹೆಚ್ಚಿ ಸಣ್ಣ ಉರಿಯಲ್ಲಿ 40 ನಿಮಿಷ, ಕಂದು ಬಣ್ಣಕ್ಕೆ ತಿರುಗುವ ತನಕ ಬಾಡಿಸಿ. ಹತ್ತು ನಿಮಿಷದಲ್ಲಿ ಆಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಮ್ಮೆಗೇ ಜಾಸ್ತಿ ಮಾಡಿ ಫ್ರಿಜ್ಜಿನಲ್ಲಿಟ್ಟು, ಯಾವ ಕಹಿ ಸೊಪ್ಪಿಗಾದರೂ ಒಂದೆರಡು ಚಮಚ ಬೆರೆಸಿ.

ಕೆಲವು ತಂಟೆಕೋರರು

ಬೆಂಡೆಕಾಯಿ. ಲೋಳೆಗೆ ನೀರು ಸೇರಿದಷ್ಟೂ ಅದು ಎಳೆ ಎಳೆಯಾಗುತ್ತದೆ. ಇಡೀ ಕಾಯಿ ತೊಳೆದು, ಒರೆಸಿ, ಆರಿದ ಮೇಲೆ ಹೆಚ್ಚಿ. ಹೆಚ್ಚಿ ತೊಳೆಯಬೇಡಿ. ಅಗಲ ಬಾಣಲೆ, ಜೋರು ಉರಿ, ಮುಚ್ಚಳ ಹಾಕುವಂತಿಲ್ಲ. ಸ್ವಲ್ಪ ಹುಳಿ ಹಾಕಿದರೆ ಲೋಳೆ ಇನ್ನೂ ತಗ್ಗುತ್ತದೆ. ಉಪ್ಪು ಇಲ್ಲಿ ಕೊನೆಗೆ, ಮೊದಲೇ ಹಾಕಿದರೆ ಕಾಯಿ ನೀರು ಬಿಡುತ್ತದೆ. ತೀರಾ ಹಟ ಹಿಡಿದವರಿಗೆ ಉದ್ದಕ್ಕೆ ತೆಳ್ಳಗೆ ಸೀಳಿ ಗರಿಗರಿಯಾಗಿ ಹುರಿದುಕೊಡಿ.

ಬದನೆಕಾಯಿ ಸ್ಪಂಜಿನ ಹಾಗೆ, ಎಷ್ಟು ಎಣ್ಣೆ ಕೊಟ್ಟರೂ ಕುಡಿಯುತ್ತದೆ, ಆದರೂ ಮಧ್ಯದಲ್ಲಿ ಹಸಿ ಉಳಿದು ರಬ್ಬರಿನಂತಾಗುತ್ತದೆ. ಬಿಲ್ಲೆ ಮಾಡಿ ಉಪ್ಪು ಸವರಿ ಅರ್ಧ ಗಂಟೆ ಬಿಡಿ, ಹಿಂಡಿ, ಒರೆಸಿ. ಒಳಗಿನ ಗಾಳಿಗುಳಿಗಳು ಕುಸಿದಿರುತ್ತವೆ, ಎಣ್ಣೆ ಕಡಿಮೆ ಹಿಡಿಯುತ್ತದೆ. ಬದನೆಯನ್ನು ಅರೆಬೆಂದ ಹಾಗೆ ಬಿಡಬಾರದು, ಬೆಣ್ಣೆಯಂತಾಗುವ ತನಕ ಬೇಯಬೇಕು. ಇಡೀ ಕಾಯನ್ನು ನೇರ ಉರಿಯಲ್ಲಿ ಸುಟ್ಟು ಸಿಪ್ಪೆ ತೆಗೆದರೆ ಹೊಗೆಯ ಘಮವೂ ಸೇರಿ ಬೇರೆಯೇ ತರಕಾರಿ ಆಗಿಬಿಡುತ್ತದೆ. ಸುಡುವ ಮುಂಚೆ ಚೂರಿಯಿಂದ ನಾಲ್ಕು ಕಡೆ ಚುಚ್ಚಿ, ಇಲ್ಲದಿದ್ದರೆ ಸಿಡಿಯುತ್ತದೆ.

ಬೀಟ್‌ರೂಟಿನ ಮಣ್ಣಿನ ವಾಸನೆ ಜಿಯೋಸ್ಮಿನ್ ಅನ್ನುವ ವಸ್ತುವಿನದ್ದು. ಮೊದಲ ಮಳೆಗೆ ನೆಲದಿಂದ ಏಳುವ ಪರಿಮಳದಲ್ಲೂ ಇರುವುದು ಇದೇ. ಮಳೆ ಬಂದಾಗ ಆಹಾ ಅನ್ನುವವರೇ ತಟ್ಟೆಯಲ್ಲಿ ಬಂದರೆ ಥೂ ಅನ್ನುತ್ತಾರೆ. ಇದಕ್ಕೆ ಹುಳಿಯೇ ಮದ್ದು, ಹುಳಿಗೆ ಜಿಯೋಸ್ಮಿನ್ ಒಡೆಯುತ್ತದೆ. ಸಿಪ್ಪೆ ದಪ್ಪಗೆ ತೆಗೆದು, ಬೆಂದ ಮೇಲೆ ನಿಂಬೆರಸ ಅಥವಾ ವಿನಿಗರ್ ಕಲಸಿ ಸ್ವಲ್ಪ ಹೊತ್ತು ನೆನೆಯಲು ಬಿಡಿ.

ಮೂಲಂಗಿಯ ಘಾಟು ಹೆಚ್ಚಾಗಿ ಸಿಪ್ಪೆಯ ಬಳಿ ಇರುತ್ತದೆ, ಸಿಪ್ಪೆ ತೆಗೆದು ಹುರಿದರೆ ಅರ್ಧಕ್ಕರ್ಧ ಸಿಹಿಯಾಗುತ್ತದೆ. ಹಸಿ ಈರುಳ್ಳಿ ಆಗದವರಿಗೆ ಹೆಚ್ಚಿದ ಈರುಳ್ಳಿಯನ್ನು ತಣ್ಣೀರಿನಲ್ಲಿ 10 ನಿಮಿಷ ನೆನೆಸಿ ಬಸಿದುಕೊಡಿ. ಕೊತ್ತಂಬರಿ ಸೊಪ್ಪು ಸೋಪಿನ ಹಾಗೆ ಅನಿಸುತ್ತದೆ ಅನ್ನುವವರಿಗೆ ಅದು ನಿಜಕ್ಕೂ ಹಾಗೇ ಅನಿಸುತ್ತದೆ, ಚೆನ್ನಾಗಿ ಅರೆದು ಹಾಕಿದರೆ ಆ ವಾಸನೆ ತಗ್ಗುತ್ತದೆ.

ಹಾಗಲಕಾಯಿಯನ್ನು ಮೊದಲ ದಿನವೇ ಮುಂದಿಡಬೇಡಿ, ಅದು ಕೊನೆಯ ಪರೀಕ್ಷೆ. ಬೀಜ, ತಿರುಳು ಕೆರೆದು, ತೆಳ್ಳಗೆ ಹೆಚ್ಚಿ, ಉಪ್ಪು ಬೆರೆಸಿ ಅರ್ಧ ಗಂಟೆ ಬಿಟ್ಟು ಹಿಂಡಿ ಹುರಿಯಿರಿ. ಹುಳಿ, ಸಿಹಿ ಎರಡೂ ಧಾರಾಳ ಇರಲಿ. ಕಹಿ ಪೂರ್ತಿ ಹೋಗಲ್ಲ, ಹೋದರೆ ಅದು ಹಾಗಲಕಾಯಿಯೇ ಅಲ್ಲ.

ಒಂದು ಎಚ್ಚರಿಕೆ, ಇದು ರುಚಿಯ ಮಾತಲ್ಲ. ಹಾಗಲಕ್ಕೆ ಕಹಿ ಸಹಜ, ಆದರೆ ಸೋರೆಕಾಯಿ, ಸೌತೆಕಾಯಿ, ಕುಂಬಳಕಾಯಿ ಇವು ಜೋರು ಕಹಿ ಇದ್ದರೆ ತಿನ್ನಬೇಡಿ. ಅದರಲ್ಲಿ ಕುಕುರ್ಬಿಟಾಸಿನ್ ಅನ್ನುವ ವಿಷದ ಅಂಶ ಹೆಚ್ಚಾಗಿರಬಹುದು, ಬೇಯಿಸಿದರೂ ಹೋಗಲ್ಲ. ವಾಂತಿ, ಭೇದಿಯಿಂದ ಹಿಡಿದು ಪ್ರಾಣಕ್ಕೆ ಕುತ್ತು ಬರುವ ತನಕ ಆಗಬಹುದು. ಹೆಚ್ಚುವಾಗ ಒಂದು ಚೂರು ನಾಲಿಗೆಗೆ ತಾಗಿಸಿ ನೋಡಿ, ಕಹಿ ಇದ್ದರೆ ಉಗುಳಿ, ಕಾಯನ್ನು ಎಸೆಯಿರಿ. ಅಂಥ ಸೋರೆಕಾಯಿ ರಸವನ್ನಂತೂ ಆರೋಗ್ಯದ ಹೆಸರಲ್ಲಿ ಮೂಗು ಹಿಡಿದು ಕುಡಿಯಲೇಬೇಡಿ.

ಬಡಿಸುವುದು ಹೇಗೆ

ಮೊದಲ ಸಲಕ್ಕೇ ಒಂದು ಬಟ್ಟಲು ತುಂಬ ಕೊಡಬೇಡಿ. ಒಂದು ತುಂಡು ಸಾಕು. ಪಕ್ಕದಲ್ಲಿ ಅವರಿಗೆ ಇಷ್ಟವಾದದ್ದು ಏನಾದರೂ ಇರಲಿ, ಅದ್ದಿಕೊಂಡು ತಿನ್ನುವಂಥದ್ದಾದರೆ ಇನ್ನೂ ಒಳ್ಳೇದು. ಮಕ್ಕಳು ಹೊಸ ರುಚಿಯನ್ನು ಒಪ್ಪಿಕೊಳ್ಳಲು ಎಂಟು ಹತ್ತು ಸಲ, ಕೆಲವೊಮ್ಮೆ ಹದಿನೈದು ಸಲ ಬೇಕಾಗುತ್ತದೆ. ನಾವು ಮೂರನೇ ಸಲಕ್ಕೇ "ಇವನಿಗೆ ಬೀನ್ಸ್ ಸೇರಲ್ಲ" ಅಂತ ತೀರ್ಪು ಕೊಟ್ಟು ಮುಗಿಸಿರುತ್ತೇವೆ. ಮಗುವಿನ ಎದುರೇ ಹಾಗೆ ಹೇಳಿದರೆ ಅದೂ ಅದನ್ನೇ ಹಿಡಿದುಕೊಳ್ಳುತ್ತದೆ.

"ಇದನ್ನು ತಿಂದರೆ ಐಸ್‌ಕ್ರೀಮ್" ಅನ್ನುವ ವ್ಯಾಪಾರ ಬೇಡ. ತರಕಾರಿ ಶಿಕ್ಷೆ, ಐಸ್‌ಕ್ರೀಮ್ ಬಹುಮಾನ ಅಂತ ನೀವೇ ಹೇಳಿಕೊಟ್ಟ ಹಾಗಾಗುತ್ತದೆ. ಗದರುವುದೂ ಬೇಡ, ತಿಂದಾಗ ಚಪ್ಪಾಳೆ ತಟ್ಟುವುದೂ ಬೇಡ.

ರುಬ್ಬಿ ಬಚ್ಚಿಡುವುದು? ಸಾಸಿನಲ್ಲಿ ಕುಂಬಳಕಾಯಿ, ಹಿಟ್ಟಿನಲ್ಲಿ ಪಾಲಕ್. ನಾನು ಇದಕ್ಕೆ ಅರ್ಧ ಮನಸ್ಸಿನ ಒಪ್ಪಿಗೆ ಕೊಡುತ್ತೇನೆ. ಹೊಟ್ಟೆಗೆ ಹೋಗುತ್ತದೆ ನಿಜ, ಆದರೆ ನಾಲಿಗೆಗೆ ಪರಿಚಯ ಆಗಲ್ಲ. ಸಿಕ್ಕಿಬಿದ್ದರೆ ಆಮೇಲೆ ನೀವು ಮಾಡಿದ ಪ್ರತಿ ತುತ್ತನ್ನೂ ಅನುಮಾನದಿಂದ ಕೆದಕುತ್ತಾರೆ. ಬೆರೆಸಿ, ತಿಂದು ಚೆನ್ನಾಗಿದೆ ಅಂದ ಕೂಡಲೇ ಏನಿತ್ತು ಅಂತ ಹೇಳಿಬಿಡಿ. ಮುಂದಿನ ಸಲ ಸ್ವಲ್ಪ ದೊಡ್ಡ ತುಂಡು ಕಾಣಿಸಲಿ. ಅಲರ್ಜಿ ಇರುವವರಿಗೆ ಮಾತ್ರ ಬಚ್ಚಿಟ್ಟು ಕೊಡುವ ಆಟ ಆಡಲೇಬಾರದು, ಬಾಯಿ ತುರಿಸುತ್ತೆ ಅಂದರೆ ಅದು ನೆಪ ಆಗಿರಲಿಕ್ಕಿಲ್ಲ.

ಶುರು ಮಾಡುವುದಾದರೆ ಈ ವಾರ ಒಂದೇ ತರಕಾರಿ ತಗೊಳ್ಳಿ, ಆದಷ್ಟು ಸಿಹಿ ಇರುವುದು, ಕ್ಯಾರೆಟ್ಟೋ ಕುಂಬಳಕಾಯಿಯೋ. ಅದನ್ನು ಹಸಿ, ಹುರಿದು, ಬೇಯಿಸಿ, ಮೂರು ಥರ ಮಾಡಿ ಒಂದೇ ತಟ್ಟೆಯಲ್ಲಿಟ್ಟು ಯಾವುದು ಪರವಾಗಿಲ್ಲ ಅಂತ ಕೇಳಿ (ಕುಂಬಳಕಾಯಿ ಹಸಿ ಬೇಡ, ಎರಡೇ ಸಾಕು). ಇಷ್ಟ ಆಯ್ತಾ ಅಂತ ಕೇಳಬೇಡಿ, ಇಲ್ಲ ಅಂತಲೇ ಬರುತ್ತೆ ಉತ್ತರ. ಯಾವುದು ಕಮ್ಮಿ ಕೆಟ್ಟದು ಅಂತ ಕೇಳಿದರೆ ಬೆರಳು ತೋರಿಸುತ್ತಾರೆ. ಮುಂದಿನ ತರಕಾರಿಯನ್ನು ಆ ಬೆರಳು ತೋರಿಸಿದ ಥರದಲ್ಲೇ ಮಾಡಿ.